ಮೂರು ಎಲೆ ಬಿದ್ದ ಮೇಲೆ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕಾಲೇಜಿನ ಫೀಸಿಗೆಂದು ಅಪ್ಪ ಕೊಟ್ಟ ಹಣವನ್ನು ಗೆಳೆಯರ ಕೋಣೆಯಲ್ಲಿ ಪೋಕರ್ ಆಡಿ ಕಳೆದುಕೊಂಡಿದ್ದ. 'ಕೈಯಲ್ಲಿ ಎರಡು ಎಕ್ಕ ಇದ್ದವು ಸಾರ್. ಆದರೂ ಹೇಗೆ ಸೋತೆ?' ಎಂದು ಕೇಳಿದ. ಬೈಯುವುದು ಸುಲಭ. ಆದರೆ ಅವನು ಕೇಳಿದ್ದು ಲೆಕ್ಕದ ಪ್ರಶ್ನೆ. ಕಾಗದ, ಪೆನ್ಸಿಲ್ ತೆಗೆದುಕೊಂಡು ಕುಳಿತೆವು.

ಅವನು ಆಡಿದ್ದು ಅಮೆರಿಕದಲ್ಲಿ ಹುಟ್ಟಿದ 'ಟೆಕ್ಸಾಸ್ ಹೋಲ್ಡೆಮ್' ಎಂಬ ಬಗೆ. ಮೊದಲು ಪ್ರತಿಯೊಬ್ಬನಿಗೂ ಎರಡು ಮುಚ್ಚಿದ ಎಲೆ. ಅದನ್ನು ನೋಡಿ ಒಂದು ಸುತ್ತು ಪಣ. ಆಮೇಲೆ ನಡುವೆ ಎಲ್ಲರಿಗೂ ಸೇರಿದ ಮೂರು ಎಲೆಗಳನ್ನು ತೆರೆದಿಡುತ್ತಾರೆ. ಇದೇ 'ಫ್ಲಾಪ್'. ಮತ್ತೆ ಪಣ. ನಂತರ ಇನ್ನೊಂದು ಎಲೆ, ಮತ್ತೊಂದು ಎಲೆ, ಪ್ರತಿ ಸಲವೂ ಪಣ. ಏಳರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದಂತೆ.

52 ಎಲೆಗಳಿಂದ ಎರಡನ್ನು 1,326 ರೀತಿಯಲ್ಲಿ ಆರಿಸಬಹುದು. ಅವುಗಳಲ್ಲಿ ಎರಡೂ ಎಕ್ಕ ಬರುವುದು 6 ರೀತಿಯಲ್ಲಿ ಮಾತ್ರ. ಎಂದರೆ 221ರಲ್ಲಿ ಒಂದು ಸಲ. ಎದುರಾಳಿಯ ಬಳಿ ಎರಡು ರಾಜ ಇದ್ದರೂ, ನೂರಕ್ಕೆ ಸುಮಾರು 82 ಸಲ ಎಕ್ಕಗಳೇ ಗೆಲ್ಲುತ್ತವೆ. ಹಾಗಾಗಿ ಫ್ಲಾಪ್‌ಗೆ ಮುಂಚೆ ಹುಡುಗ ದೊಡ್ಡ ಪಣ ಕಟ್ಟಿದ್ದು ಲೆಕ್ಕದ ಪ್ರಕಾರ ತಪ್ಪಲ್ಲ.

ಫ್ಲಾಪ್‌ನಲ್ಲಿ ರಾಜ, ಏಳು, ಎರಡು ಬಿದ್ದವು. ಎದುರಾಳಿಯ ಕೈಯಲ್ಲಿದ್ದದ್ದು ನಿಜಕ್ಕೂ ಎರಡು ರಾಜ! ಈಗ ಅವನಿಗೆ ಮೂರಾದವು. ಉಳಿದ ಎಕ್ಕಗಳು ಎರಡೇ. ಗೆಲ್ಲುವ ಸಂಭವ 82ರಿಂದ ಸುಮಾರು 9ಕ್ಕೆ ಇಳಿಯಿತು. ಎದುರಾಳಿಯ ಎಲೆ ಕಾಣುವುದಿಲ್ಲ, ನಿಜ. ಆದರೆ ಅಲ್ಲಿಯವರೆಗೆ ಸುಮ್ಮನಿದ್ದವನು ರಾಜ ಬಿದ್ದೊಡನೆ ಪಣ ಏರಿಸುತ್ತಲೇ ಹೋದದ್ದು ಕಂಡಿತ್ತಲ್ಲ?

'ಅನುಮಾನ ಬಂತು ಸಾರ್. ಆದರೆ ಅಷ್ಟೊಂದು ಹಾಕಿಬಿಟ್ಟಿದ್ದೆನಲ್ಲ, ಬಿಡುವುದು ಹೇಗೆ?' ಎಂದ.

ತಪ್ಪಿದ್ದು ಇಲ್ಲೇ. ಇನ್ನೊಂದು ಉದಾಹರಣೆ ನೋಡಿ. ಫ್ಲಾಪ್ ಆದ ಮೇಲೆ ನಿಮಗೆ ನಾಲ್ಕು ಆಟೀನು ಎಲೆಗಳಾಗಿವೆ; ಐದನೆಯದು ಬಂದರೆ ಗೆಲುವು ಎಂದುಕೊಳ್ಳೋಣ. ಕಾಣದ ಎಲೆಗಳು 47, ಅವುಗಳಲ್ಲಿ ಆಟೀನು 9. ಮುಂದಿನ ಎಲೆಯೇ ಆಟೀನು ಆಗುವ ಸಂಭವ ನೂರಕ್ಕೆ 19. ನಡುವೆ 300 ರೂಪಾಯಿ ಇದೆ; ಮುಂದುವರಿಯಲು ನೀವು 100 ಹಾಕಬೇಕು. ಒಟ್ಟು 400ರಲ್ಲಿ ನಿಮ್ಮದು 100. ಈ ಒಂದು ಎಲೆಯ ಮಟ್ಟಿಗೆ ಹೇಳುವುದಾದರೆ, ನೂರಕ್ಕೆ 25ರ ಸಂಭವವಾದರೂ ಬೇಕು. ಇರುವುದು 19. ಬಿಡುವುದೇ ಸರಿ. ನಡುವೆ 500 ಇದ್ದಿದ್ದರೆ 17 ಸಾಕಿತ್ತು, ಆಗ ನಿಲ್ಲಬಹುದು. ಆ 300ರಲ್ಲಿ ನೀವು ಹಾಕಿದ್ದೆಷ್ಟು ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ? ಹಾಕಿದ ಹಣ ಈಗ ರಾಶಿಯದು, ನಿಮ್ಮದಲ್ಲ.

ಈ ವಿವೇಕ ಹಳೆಯದು. 1654ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರಗಳಲ್ಲಿ ಒಂದು ಸಮಸ್ಯೆ ಚರ್ಚಿಸಿದರು. ಆಟ ಅರ್ಧಕ್ಕೆ ನಿಂತರೆ ಪಣದ ಹಣವನ್ನು ಹಂಚುವುದು ಹೇಗೆ? ಆಗಿಹೋದ ಸುತ್ತುಗಳನ್ನಲ್ಲ, ಗೆಲ್ಲಲು ಇನ್ನು ಬೇಕಾದ ಸುತ್ತುಗಳನ್ನು ಎಣಿಸಬೇಕು ಎಂಬುದು ಅವರ ಉತ್ತರ. ಸಂಭವನೀಯತೆಯ ಗಣಿತ ಬೆಳೆದದ್ದು ಅಲ್ಲಿಂದ.

ಲೆಕ್ಕ ಬಂದರೆ ಜೂಜಿನಲ್ಲಿ ಗೆಲ್ಲಬಹುದೆಂದು ಮಕ್ಕಳು ತಿಳಿಯಬಾರದು. ಒಬ್ಬ ಗೆದ್ದಷ್ಟನ್ನು ಉಳಿದವರು ಸೋತಿರುತ್ತಾರೆ. ಆಟ ನಡೆಸುವವನು ಪಾಲು ತೆಗೆದರೆ ಎಲ್ಲರದೂ ಸೇರಿ ನಷ್ಟವೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿತು.

ಹೊರಡುವಾಗ ಹುಡುಗ, 'ಅಪ್ಪನಿಗೆ ಗೊತ್ತಿಲ್ಲ ಸಾರ್. ಹೇಗಾದರೂ ಗೆದ್ದು ತುಂಬಿಬಿಡೋಣ ಅಂತಿದ್ದೆ' ಎಂದ. 'ಅದೂ ಅದೇ ತಪ್ಪು ಕಣಯ್ಯ. ಇವತ್ತೇ ಹೇಳು' ಎಂದೆ. ಪಾಲಕರಲ್ಲಿಯೂ ಒಂದು ಮಾತು. ಮಗ ಹೀಗೆ ಬಂದು ನಿಂತಾಗ, ಹೋದ ಹಣವನ್ನು ಮೊದಲು ಎಣಿಸಬೇಡಿ. ಮುಂದೆ ಉಳಿದಿರುವುದನ್ನು ಎಣಿಸಿ.

ಈ ವಾರದ ಲೆಕ್ಕ: ಮೇಲಿನ ಉದಾಹರಣೆಯಲ್ಲಿ ಇನ್ನೆರಡು ಎಲೆ ಬರುವುದಿದೆ. ಒಂದಾದರೂ ಆಟೀನು ಬರುವ ಸಂಭವ ಎಷ್ಟು? ಎರಡೂ ಆಟೀನು ಅಲ್ಲದಿರುವ ಸಂಭವವನ್ನು ಮೊದಲು ಕಂಡುಹಿಡಿಯಿರಿ. ಉತ್ತರ ನೂರಕ್ಕೆ 35 ಬಂದರೆ ಸರಿ.