ಹಂದಿಯ ಮಾಂಸ: ಆಯ್ಕೆಯಲ್ಲಿ ವಿವೇಕ, ಅಡಿಗೆಯಲ್ಲಿ ತಾಳ್ಮೆ

ಆರೋಗ್ಯವನ್ನು ಕುರಿತ ಲೇಖನಗಳಲ್ಲಿ ಸೊಪ್ಪು, ಹಣ್ಣು, ಹಾಲುಗಳಿಗೆ ದೊರೆಯುವ ಗಮನ ಹಂದಿಯ ಮಾಂಸಕ್ಕೆ ದೊರೆಯುವುದು ವಿರಳ. ಆದರೆ ಚೆನ್ನೈಯಲ್ಲಿ ನೆಲೆಸಿರುವ ಕನ್ನಡ ನಾಡಿನವರಲ್ಲಿ ಕೊಡಗಿನವರೂ ಇದ್ದಾರೆ, ಮಂಗಳೂರಿನ ಕ್ರೈಸ್ತರೂ ಇದ್ದಾರೆ. ಕೊಡವರ ಕೈಲ್ ಮುಹೂರ್ತದ ಊಟಕ್ಕೆ ಕಡಂಬುಟ್ಟಿನೊಡನೆ ಪಂದಿಕರಿ ಇರಲೇಬೇಕು. ಇಂಥ ಆಹಾರವನ್ನು ಕುರಿತು ಮೌನ ವಹಿಸುವುದಕ್ಕಿಂತ, ಅದನ್ನು ಅರಿತು ಉಣ್ಣುವ ಬಗೆಯನ್ನು ತಿಳಿಸುವುದೇ ಲೇಸು.

ಹಂದಿಯ ಮಾಂಸವೆಂದರೆ ಬರಿಯ ಕೊಬ್ಬೆಂಬ ಮಾತು ಅರ್ಧಸತ್ಯ. ಹೊಟ್ಟೆಯ ಭಾಗದ 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 50 ಗ್ರಾಂ ಕೊಬ್ಬಿದ್ದು, ಅದು 500 ಕ್ಯಾಲರಿಗೂ ಹೆಚ್ಚು ಶಕ್ತಿಯನ್ನು ಕೊಡುತ್ತದೆ. ಬೆನ್ನುಮೂಳೆಯ ಒಳಮಗ್ಗುಲಿನ ಮೃದುಮಾಂಸದಲ್ಲಾದರೋ ಕೊಬ್ಬು 3-4 ಗ್ರಾಂ ಮಾತ್ರ. ಶಕ್ತಿ ಸುಮಾರು 120 ಕ್ಯಾಲರಿ. ಒಂದೇ ಪ್ರಾಣಿಯ ಎರಡು ಭಾಗಗಳಲ್ಲಿ ಇಷ್ಟು ಅಂತರವಿರುವಾಗ, 'ಒಂದು ಕಿಲೋ ಕೊಡಿ' ಎಂದು ಕೇಳಿ, ಕೊಟ್ಟದ್ದನ್ನು ತರುವುದು ವಿವೇಕವೆನಿಸದು.

ಕೊಡಗಿನ ಹಿರಿಯರು ಕೊಬ್ಬು, ಚರ್ಮಗಳೊಡನೆಯೇ ಮಾಂಸವನ್ನು ಬೇಯಿಸಿದರು. ಅವರು ಗದ್ದೆಯಲ್ಲಿ ದುಡಿದು, ಬೆಟ್ಟ ಹತ್ತಿ ಇಳಿದವರು. ಒಂದು ಕಾಲಕ್ಕೆ ಅವರಿಗೆ ದೊರೆಯುತ್ತಿದ್ದ ಕಾಡುಹಂದಿಯಲ್ಲಿ ಕೊಬ್ಬು ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಆ ಬೇಟೆ ನಿಂತಿತು. ಸಾಕಿದ ಹಂದಿಯೇ ಉಳಿಯಿತು. ಅಡಿಗೆಯ ವಿಧಾನ ಚೆನ್ನೈಗೆ ಬಂದಿತು; ಹಂದಿಯೂ ಬದಲಾಯಿತು, ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ಉಣ್ಣುವವನೂ ಬದಲಾದ. ಹೀಗಿರುವಾಗ ಭಾಗದ ಆಯ್ಕೆಯೂ ಬದಲಾಗುವುದು ನ್ಯಾಯ.

ಸಾರಿಗೆ ಭುಜದ ಮಾಂಸ ಶ್ರೇಷ್ಠ. ಅದರ ಬಿಗಿಯಾದ ನಾರು ಸಣ್ಣ ಉರಿಯಲ್ಲಿ ಒಂದೂವರೆ ಎರಡು ಗಂಟೆ ಬೆಂದಾಗ ಕರಗಿ, ಸಾರನ್ನು ಮಂದವಾಗಿಸುತ್ತದೆ. ಹೊಟ್ಟೆಯ ಭಾಗವನ್ನು ರುಚಿಗೆಂದು ನಾಲ್ಕಾರು ತುಂಡು ಸೇರಿಸಿದರೆ ಸಾಕು. ತೊಡೆಯ ಮಾಂಸ ಪಲ್ಯಕ್ಕೂ ಹುರಿಯುವುದಕ್ಕೂ ಒಪ್ಪುತ್ತದೆ. ಬೆನ್ನಿನ ಮಾಂಸವನ್ನು ಬಹಳ ಹೊತ್ತು ಬೇಯಿಸಿದರೆ ಒಣಗಿ ನೀರಸವಾಗುತ್ತದೆ. ಕಾಚಂಪುಳಿಯ ಹುಳಿ ಕೊಬ್ಬಿನ ಜಿಡ್ಡನ್ನು ನಾಲಗೆಗೆ ಮರೆಸುತ್ತದೆಯೇ ಹೊರತು ಕೊಬ್ಬನ್ನು ಕಳೆಯುವುದಿಲ್ಲ. ಬೆಂದ ಸಾರನ್ನು ತಣಿಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಕೊಬ್ಬು ಮೇಲೆ ಹೆಪ್ಪುಗಟ್ಟುತ್ತದೆ. ಅದನ್ನು ಸುಲಭವಾಗಿ ತೆಗೆಯಬಹುದು. ಹೃದ್ರೋಗಿಗಳಿರುವ ಮನೆಯಲ್ಲಿ ಇದು ಅವಶ್ಯ.

ಕೊಳ್ಳುವಾಗ ಮಾಂಸ ನಸುಗೆಂಪಾಗಿರಬೇಕು, ಕೊಬ್ಬು ಬೆಳ್ಳಗಿರಬೇಕು, ಬೆರಳೊತ್ತಿದರೆ ಪುಟಿಯಬೇಕು. ಸ್ನಾಯುವಿನ ನಡುವೆ ಅಕ್ಕಿಕಾಳಿನಂಥ ಬಿಳಿಯ ಗುಳ್ಳೆಗಳು ಕಂಡರೆ ಅದನ್ನು ಮುಟ್ಟಲಾಗದು. ಅವು ಲಾಡಿಹುಳುವಿನ ಮರಿಗಳು. ಕಣ್ಣಿಗೆ ಬೀಳದವೂ ಇರಬಹುದಾದ್ದರಿಂದ, ತುಂಡಿನ ನಡುಭಾಗವೂ ಪೂರ್ತಿ ಬೇಯಬೇಕು. ಉಪ್ಪು ಹುಳಿಗಳಲ್ಲಿ ನೆನೆಸಿದ ಮಾತ್ರಕ್ಕೆ ಅವು ಸಾಯುತ್ತವೆಂದು ನೆಚ್ಚಬಾರದು. ಹುರಿಯುವ ಮಾಂಸವನ್ನೂ ಮೊದಲು ಬೇಯಿಸಿಯೇ ಹುರಿಯಬೇಕು.

ಈ ಎಚ್ಚರಿಕೆ ಸಸ್ಯಾಹಾರಿಗಳಿಗೂ ಸಂಬಂಧಿಸಿದ್ದು. ಬೇಯದ ಮಾಂಸ ತಿಂದವನ ಕರುಳಿನಲ್ಲಿ ಬೆಳೆದ ಹುಳುವಿನ ಮೊಟ್ಟೆಗಳು ಮಲದ ಮೂಲಕ ಹೊರಬಂದು, ತೊಳೆಯದ ಕೈಗಳಿಂದಲೂ ಹಸಿ ತರಕಾರಿಯಿಂದಲೂ ಇತರರ ಹೊಟ್ಟೆ ಸೇರುತ್ತವೆ. ಅವುಗಳಿಂದ ಹೊರಟ ಮರಿಗಳು ಮಿದುಳಿನಲ್ಲಿ ನೆಲೆಸಿದರೆ ಅಪಸ್ಮಾರ ತಲೆದೋರುತ್ತದೆ. ಚೆನ್ನೈಗೆ ಸಮೀಪದ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ವೈದ್ಯರು ಈ ರೋಗವನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಮಾಂಸವನ್ನೇ ಮುಟ್ಟದವರಿಗೂ ಇದು ಬರುತ್ತದೆಂಬುದನ್ನು ಅರಿತರೆ, ಒಬ್ಬರ ಊಟವನ್ನು ಇನ್ನೊಬ್ಬರು ಹಳಿಯುವುದರಲ್ಲಿ ಅರ್ಥವಿಲ್ಲವೆಂಬುದು ಮನವರಿಕೆಯಾದೀತು.

ಹಿರಿಯರ ರುಚಿಯನ್ನು ತೊರೆಯಬೇಕಾದ ಅಗತ್ಯವಿಲ್ಲ. ಅಂಗಡಿಯಲ್ಲಿ ಭಾಗವನ್ನು ಹೆಸರಿಸಿ ಕೇಳುವ ಅರಿವು, ಒಲೆಯ ಮುಂದೆ ಕಾಯುವ ತಾಳ್ಮೆ, ತಟ್ಟೆಯಲ್ಲಿ ಮಿತಿ, ಉಣ್ಣುವ ಮೊದಲು ಸಾಬೂನಿನಿಂದ ತೊಳೆದ ಕೈ, ಇಷ್ಟಿದ್ದರೆ ಹಬ್ಬದ ಊಟವು ಆರೋಗ್ಯಕ್ಕೆ ಶತ್ರುವಾಗದು.