ಎಣ್ಣೆ ಗುಳಿಗೆಗೆ ನಮ್ಮ ಹಬ್ಬದ ಅಂಗಳದಲ್ಲಿ ಜಾಗವೇಕೆ?

ಶಿಕಾಗೊ ಮತ್ತು ಡೆಟ್ರಾಯಿಟ್ ಸೀಮೆಯ ಕನ್ನಡ ಸಂಘಟನೆಗಳ ಪದಾಧಿಕಾರಿಗಳಿಗೆ,

ಅರೋರಾ, ನೇಪರ್‌ವಿಲ್ ಇರಲಿ, ಟ್ರಾಯ್, ನೋವೈ ಇರಲಿ, ನಮ್ಮವರು ನಾಲ್ಕು ಜನ ಸೇರಿದ ಕಡೆ ಒಮೆಗಾ-3 ಡಬ್ಬಿಗಳ ಮಾತು ಬಂದೇ ಬರುತ್ತದೆ. ಯುಗಾದಿ ಊಟದ ಸಾಲಿನ ಪಕ್ಕದಲ್ಲಿ ಒಂದು ಮೇಜು, ಮೇಜಿನ ಹಿಂದೆ ಪರಿಚಯದ ಮುಖ. ಬೊಜ್ಜು ಇದ್ದವರ ಮೈಯೊಳಗೆ ಸದಾ ಉರಿಯೂತ ಇರುತ್ತದೆ, ಅದರಿಂದಲೇ ಸಕ್ಕರೆ ಕಾಯಿಲೆ, ಹೃದಯಾಘಾತ, ಈ ಗುಳಿಗೆ ಅದನ್ನು ತಣಿಸುತ್ತದೆ ಎಂದು ನಮ್ಮದೇ ಭಾಷೆಯಲ್ಲಿ, ಅಕ್ಕರೆಯಿಂದ ಹೇಳುತ್ತಾರೆ. ಕನ್ನಡದಲ್ಲಿ ಹೇಳಿದ್ದನ್ನು ನಮ್ಮ ಹಿರಿಯರು ಡಾಕ್ಟರ ಇಂಗ್ಲಿಷಿಗಿಂತ ಬೇಗ ನಂಬುತ್ತಾರೆ. ನನ್ನ ದೂರು ಇಲ್ಲಿಂದ ಶುರು. ಮಗಳ ಮನೆಯಲ್ಲಿ ನೆಲೆಸಿರುವ ನನ್ನ ಪರಿಚಯದ ಹಿರಿಯರೊಬ್ಬರು ಇಂಥ ಮಾತು ಕೇಳಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೇ ಬಿಟ್ಟರು. ರಕ್ತ ಪರೀಕ್ಷೆಯ ವರದಿ ಬರುವವರೆಗೆ ಮನೆಯವರಿಗೆ ಸುಳಿವೇ ಇರಲಿಲ್ಲ.

ಮಾರುವವರು ಹೇಳುವುದರಲ್ಲಿ ಮೊದಲರ್ಧ ನಿಜ, ಅದಕ್ಕೇ ಉಳಿದರ್ಧವೂ ಸಲೀಸಾಗಿ ಗಂಟಲಿಳಿಯುತ್ತದೆ. ಕೊಬ್ಬು ಸುಮ್ಮನೆ ಬಿದ್ದಿರುವ ದಾಸ್ತಾನಲ್ಲ. ಬೊಜ್ಜು ಬಂದ ಇಲಿಗಳ ಕೊಬ್ಬಿನಿಂದಲೇ ಉರಿಯೂತದ ರಾಸಾಯನಿಕವೊಂದು ಹೊರಡುತ್ತದೆಂದು ಬಾಸ್ಟನ್ನಿನ ವಿಜ್ಞಾನಿಗಳು 1993ರಲ್ಲಿ ತೋರಿಸಿದರು. ಹೊಟ್ಟೆಯ ಕೊಬ್ಬಿನ ಸಂದೇಶ ಯಕೃತ್ತಿಗೆ ಮುಟ್ಟಿದಾಗ ಅದು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. ರಕ್ತದಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಹೃದಯಕ್ಕೆ ಅಪಾಯ ಹೆಚ್ಚೆಂದು ಲೆಕ್ಕ. ಅದೇ ತೂಕದ ಬೇರೆಯವರಿಗಿಂತ ದಕ್ಷಿಣ ಏಷ್ಯಾದವರಲ್ಲಿ ಯಕೃತ್ತಿನಲ್ಲಿ, ಒಳಾಂಗಗಳ ಸುತ್ತ ಕೊಬ್ಬು ಜಾಸ್ತಿ ಎಂಬುದನ್ನು ಕಂಡುಕೊಂಡದ್ದು ಶಿಕಾಗೊದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯವೂ ಸೇರಿ 2010ರಿಂದ ನಡೆಸುತ್ತಿರುವ ‘ಮಸಾಲಾ’ ಅಧ್ಯಯನ. ಹಾಗಾಗಿ ನಮ್ಮವರ ಭಯಕ್ಕೆ ಕಾರಣವಿದೆ. ಆ ಭಯವನ್ನು ಬಂಡವಾಳ ಮಾಡಿಕೊಳ್ಳುವುದನ್ನು ನಾನು ಒಪ್ಪಲಾರೆ.

ಒಮೆಗಾ-3 ಇರುವ ಮೀನೆಣ್ಣೆಯ ವಿಚಾರಕ್ಕೆ ಬರೋಣ. 2018ರ ನವೆಂಬರ್ 10ರಂದು, ನಮ್ಮ ಶಿಕಾಗೊದಲ್ಲೇ ನಡೆದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಮ್ಮೇಳನದಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಒಂದೇ ದಿನ ಹೊರಬಂತು. 25,871 ಜನರ ‘ವೈಟಲ್’ ಪ್ರಯೋಗದಲ್ಲಿ ದಿನಕ್ಕೆ 1 ಗ್ರಾಂ ಮೀನೆಣ್ಣೆ ಗುಳಿಗೆ ನುಂಗಿದವರಿಗೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಮೂರನ್ನೂ ಒಟ್ಟಾಗಿ ಎಣಿಸಿದಾಗ ಗಣನೀಯ ರಕ್ಷಣೆ ಸಿಗಲಿಲ್ಲ. ಅವರಲ್ಲೇ ಕೆಲವರ ರಕ್ತವನ್ನು ಒಂದು ವರ್ಷದ ನಂತರ ನೋಡಿದಾಗ ಉರಿಯೂತದ ಸೂಚಕಗಳೂ ಒಟ್ಟಿನಲ್ಲಿ ಇಳಿದಿರಲಿಲ್ಲ. ಮೀನು ಕಡಿಮೆ ತಿನ್ನುವವರಲ್ಲಿ ಮಾತ್ರ ಸಿಆರ್‌ಪಿ ತುಸು ತಗ್ಗಿದ ಸುಳಿವಿತ್ತು. ಇನ್ನೊಂದು, ‘ರೆಡ್ಯೂಸ್-ಇಟ್’. ಅಲ್ಲಿ ಲಾಭ ಕಂಡಿತು, ಮೇಜಿನ ಹಿಂದಿನವರು ಉದಾಹರಿಸುವುದೂ ಇದನ್ನೇ. ಆದರೆ ಅದರಲ್ಲಿ ಕೊಟ್ಟದ್ದು ಡಾಕ್ಟರ ಚೀಟಿಯ ಮೇಲೆ ಸಿಗುವ ಇಪಿಎ ಎಂಬ ಒಮೆಗಾ-3ರ ಶುದ್ಧೀಕರಿಸಿದ ಔಷಧ, ದಿನಕ್ಕೆ 4 ಗ್ರಾಂ, ಟ್ರೈಗ್ಲಿಸರೈಡ್ ಹೆಚ್ಚಿದ್ದವರಿಗೆ. ಅವರೆಲ್ಲ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರು! ಸ್ಟ್ಯಾಟಿನ್ ಜೊತೆಗೆ ಕೊಟ್ಟ ಔಷಧದ ಹೆಸರು ಹೇಳಿ ಸ್ಟ್ಯಾಟಿನ್ ಬಿಡಿಸುವುದು ಎಂಥ ನ್ಯಾಯ? ಆ ಪ್ರಯೋಗದಲ್ಲಿ ಹೋಲಿಕೆಗೆ ಕೊಟ್ಟ ಖನಿಜ ತೈಲದ ಬಗ್ಗೆಯೇ ತಜ್ಞರಲ್ಲಿ ತಕರಾರಿದೆ. 2020ರ ‘ಸ್ಟ್ರೆಂತ್’ ಪ್ರಯೋಗದಲ್ಲಿ ಇಪಿಎ, ಡಿಎಚ್‌ಎ ಎಂಬ ಎರಡೂ ಒಮೆಗಾ-3ಗಳನ್ನು ಸೇರಿಸಿ 4 ಗ್ರಾಂ ಕೊಟ್ಟರೂ ಲಾಭ ಕಾಣಲಿಲ್ಲ. ರೆಡ್ಯೂಸ್-ಇಟ್, ಸ್ಟ್ರೆಂತ್ ಎರಡರಲ್ಲೂ ಹೃದಯದ ಲಯ ತಪ್ಪುವ ತೊಂದರೆ ಹೆಚ್ಚಾಯಿತು.

ಅಂಗಡಿಯ ಸಾಮಾನ್ಯ 1000 ಮಿಲಿಗ್ರಾಂ ಗುಳಿಗೆಯಲ್ಲಿ ಇಪಿಎ, ಡಿಎಚ್‌ಎ ಸೇರಿ ಇರುವುದು ಸುಮಾರು 300 ಮಿಲಿಗ್ರಾಂ. 4 ಗ್ರಾಂ ಆಗಬೇಕಾದರೆ ದಿನಕ್ಕೆ 13–14 ಗುಳಿಗೆ. ತೂಕ ಇಳಿಸಲು ಹೊರಟವರಿಗೆ ನೂರಕ್ಕೂ ಹೆಚ್ಚು ಕ್ಯಾಲರಿಯ ಎಣ್ಣೆ! ಕೊಬ್ಬು ಕರಗಿಸುತ್ತದೆಂದು ಮಾರುವ ಸಿಎಲ್‌ಎ ಎಂಬ ಕೊಬ್ಬಿನಾಮ್ಲದ ಗುಳಿಗೆಯದು ಇನ್ನೂ ವಿಪರೀತ. ಅದರ ಒಂದು ಬಗೆಯನ್ನು ಹೊಟ್ಟೆ ಬೊಜ್ಜಿನ ಗಂಡಸರಿಗೆ ಕೊಟ್ಟಾಗ ಸಿಆರ್‌ಪಿ ಏರಿತೆಂದು ಸ್ವೀಡನ್ನಿನ ಸಂಶೋಧಕರು 2002ರಲ್ಲೇ ವರದಿ ಮಾಡಿದ್ದರು.

ಸಸ್ಯಾಹಾರಿಗಳಿಗೆ ಆಗುವ ಅನ್ಯಾಯ ಬೇರೆ. ಎಷ್ಟೋ ಡಬ್ಬಿಗಳ ಮೇಲೆ ‘ಜೆಲಟಿನ್’ ಎಂದಷ್ಟೇ ಇರುತ್ತದೆ, ದನದ್ದೋ ಹಂದಿಯದೋ ತಿಳಿಯದು. ಮಡಿಯಲ್ಲಿ ಬದುಕಿದ ಅಜ್ಜಿಯೊಬ್ಬರಿಗೆ ಅದನ್ನು ಬಾಯಿಮಾತಿನಲ್ಲಾದರೂ ತಿಳಿಸುವ ಸೌಜನ್ಯ ಬೇಡವೇ? ಅಗಸೆ ಎಣ್ಣೆಯೂ ಮೀನೆಣ್ಣೆಯೂ ಒಂದೇ ಎನ್ನುವುದೂ ಸರಿಯಲ್ಲ. ಅಗಸೆಯಲ್ಲಿರುವ ಎಎಲ್‌ಎ ಎಂಬ ಒಮೆಗಾ-3ರಲ್ಲಿ ಬಹು ಸಣ್ಣ ಪಾಲನ್ನಷ್ಟೇ ದೇಹ ಇಪಿಎ ಆಗಿ ಬದಲಿಸಬಲ್ಲದು. ಅಗಸೆ ಚಟ್ನಿಪುಡಿ ರೊಟ್ಟಿಯ ಜೊತೆ ಧಾರಾಳವಾಗಿ ಇರಲಿ, ಔಷಧವೆಂದು ಅಲ್ಲ.

ಇದೆಲ್ಲ ನಡೆಯಲು ಕಾನೂನೇ ಬಾಗಿಲು ತೆರೆದಿದೆ. 1994ರ ಪೂರಕ ಆಹಾರ ಕಾಯ್ದೆಯ ಪ್ರಕಾರ ಇಂಥ ಗುಳಿಗೆ ಮಾರುವ ಮುನ್ನ ಆಹಾರ-ಔಷಧ ನಿಯಂತ್ರಕ ಎಫ್‌ಡಿಎಯ ಒಪ್ಪಿಗೆ ಬೇಕಿಲ್ಲ. ‘ಹೃದಯದ ಆರೋಗ್ಯಕ್ಕೆ ನೆರವು’ ಎಂದು ದೊಡ್ಡದಾಗಿ ಬರೆದು, ಎಫ್‌ಡಿಎ ಇದನ್ನು ಪರಿಶೀಲಿಸಿಲ್ಲವೆಂದು ಕೆಳಗೆ ಸಣ್ಣಕ್ಷರದಲ್ಲಿ ಹಾಕಿ ಮಾರುತ್ತಾರೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 2,819 ಮೀನೆಣ್ಣೆ ಡಬ್ಬಿಗಳ ಲೇಬಲ್ ಪರಿಶೀಲಿಸಿದಾಗ ನೂರಕ್ಕೆ 74ರಲ್ಲಿ ಏನಾದರೊಂದು ಆರೋಗ್ಯದ ಭರವಸೆ ಇತ್ತು. ಮಾರಾಟದಲ್ಲಿರುವ ಪ್ರತಿ ಪೂರಕವೂ ಎಫ್‌ಡಿಎಯಲ್ಲಿ ನೋಂದಾಯಿತವಾಗಲಿ ಎಂದು ಇಲಿನಾಯ್ ಸೆನೆಟರ್ ಡಿಕ್ ಡರ್ಬಿನ್ 2022ರಲ್ಲಿ ಮಸೂದೆ ತಂದರು, 2024ರಲ್ಲಿ ಮತ್ತೊಮ್ಮೆ ತಂದರು. ಎರಡು ಸಲವೂ ಅದು ಕಾನೂನಾಗಲಿಲ್ಲ.

ಪದಾಧಿಕಾರಿಗಳೇ, ಡಬ್ಬಿ ಮಾರುವ ಮೇಜಿಗೆ ಮುಂದಿನ ರಾಜ್ಯೋತ್ಸವದಿಂದ ಜಾಗ ಕೊಡಬೇಡಿ, ಪ್ರಾಯೋಜಕರೆಂದು ವೇದಿಕೆಗೂ ಕರೆಯಬೇಡಿ. ಅವರ ಹಣ ತಪ್ಪಿದ ಕೊರತೆ ತುಂಬಲು ಸದಸ್ಯತ್ವ ಶುಲ್ಕ ಏರಿಸಿದರೆ ನಾನು ಮೊದಲು ಕಟ್ಟುತ್ತೇನೆ. ಅದೇ ಜಾಗದಲ್ಲಿ ನಮ್ಮಲ್ಲೇ ಇರುವ ಫಾರ್ಮಸಿಸ್ಟರನ್ನು, ಆಹಾರ ತಜ್ಞರನ್ನು ಕೂರಿಸಿ. ಹಿರಿಯರು ತಮ್ಮ ಮಾತ್ರೆ, ಗುಳಿಗೆಗಳನ್ನೆಲ್ಲ ಚೀಲದಲ್ಲಿ ತಂದು ಕನ್ನಡದಲ್ಲೇ ಕೇಳಿ ತಿಳಿದುಕೊಳ್ಳಲಿ. ನೋಂದಣಿಯ ಕಾನೂನಿಗೆ ಒತ್ತಾಯಿಸಿ ಇಲಿನಾಯ್, ಮಿಷಿಗನ್ ಎರಡೂ ರಾಜ್ಯಗಳ ಸೆನೆಟರುಗಳಿಗೆ ಸಂಘಟನೆಗಳ ಹೆಸರಿನಲ್ಲಿ ಪತ್ರ ಹೋಗಲಿ. ಕರಡು ಬರೆದುಕೊಡಲು ನಾನು ಸಿದ್ಧ. ನಿಮ್ಮ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯ ತೆಗೆದುಕೊಂಡು, ತೀರ್ಮಾನ ಏನೇ ಆಗಲಿ, ಸದಸ್ಯರೆಲ್ಲರಿಗೂ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಸದಸ್ಯರಲ್ಲೊಬ್ಬರು