ಒಂದೇ ಕಾರು, ಇಬ್ಬರು ಚಾಲಕರು

ಫಾರ್ಮುಲಾ ಒನ್ ರೇಸಿನ ಮಾತು ಬಂದಾಗಲೆಲ್ಲ ಒಂದು ಅಭಿಪ್ರಾಯ ತಪ್ಪದೆ ಕಿವಿಗೆ ಬೀಳುತ್ತದೆ: 'ಗೆಲ್ಲುವುದು ಕಾರು, ಚಾಲಕನದೇನಿದೆ? ಆ ಕಾರಿನಲ್ಲಿ ಯಾರನ್ನು ಕೂರಿಸಿದರೂ ಗೆಲ್ಲುತ್ತಾರೆ.' ಇದು ಅರ್ಧ ಸತ್ಯ. ಅದಕ್ಕೇ ಪೂರ್ತಿ ಸುಳ್ಳಿಗಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಕೆಟ್ಟ ಕಾರಿನಲ್ಲಿ ಗೆಲ್ಲುವುದು ಬಹಳ ಕಷ್ಟ, ನಿಜ. ಆದರೆ ಒಳ್ಳೆಯ ಕಾರು ಸಿಕ್ಕ ಮಾತ್ರಕ್ಕೆ ಯಾರೂ ಗೆದ್ದುಬಿಡುವುದಿಲ್ಲ. 2023ರಲ್ಲಿ ರೆಡ್ ಬುಲ್ ತಂಡ 22 ರೇಸುಗಳಲ್ಲಿ 21 ಗೆದ್ದಿತು. ಅದರಲ್ಲಿ 19 ಮ್ಯಾಕ್ಸ್ ವರ್‌ಸ್ಟಾಪನ್‌ಗೆ, ಎರಡು ಸೆರ್ಜಿಯೊ ಪೆರೆಜ್‌ಗೆ. ಒಬ್ಬರಿಗೆ 575 ಅಂಕ, ಇನ್ನೊಬ್ಬರಿಗೆ 285.

ಇದು ಇಂದಿನ ಮಾತಷ್ಟೇ ಅಲ್ಲ. 1992ರ ವಿಲಿಯಮ್ಸ್ ಕಾರಿನಲ್ಲಿ ಎಲೆಕ್ಟ್ರಾನಿಕ್ ನೆರವು ತುಂಬಿತ್ತು. ನೆಲದಿಂದ ಕಾರಿನ ಎತ್ತರವನ್ನು ತಾನೇ ಕಾಯ್ದುಕೊಳ್ಳುವ ಆ್ಯಕ್ಟಿವ್ ಸಸ್ಪೆನ್ಷನ್ ಇತ್ತು, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇತ್ತು. ಆ ಕಾರಿನಲ್ಲಿ ನೈಜಲ್ ಮ್ಯಾನ್ಸೆಲ್ ಒಂಬತ್ತು ರೇಸು ಗೆದ್ದರು, ಜೊತೆಗಾರ ರಿಕಾರ್ಡೊ ಪತ್ರೇಸೆ ಒಂದೇ ಒಂದು.

ಹಾಗಾದರೆ 1994ರಲ್ಲಿ ಆ ನೆರವುಗಳನ್ನು ನಿಷೇಧಿಸಿದ್ದೇಕೆ? ನಿಷೇಧ ಸರಿಯೆಂದೇ ನನ್ನ ನಿಲುವು. ಒದ್ದೆ ತಿರುವಿನಿಂದ ಹೊರಬರುವಾಗ ಪಾದ ಎಷ್ಟು ಒತ್ತಬೇಕೆಂಬ ತೀರ್ಮಾನವೇ ಈ ಕಸುಬಿನ ತಿರುಳು. ಅದನ್ನು ಗಣಕಕ್ಕೆ ಒಪ್ಪಿಸಿದರೆ ಸ್ಪರ್ಧೆಯ ಒಂದು ಪಾಲು ಕಳೆದುಹೋಗುತ್ತದೆ. ಕದ್ದು ಬಳಸಿದರೆ ಹಿಡಿಯುವುದು ಕಷ್ಟವೆಂದು 2001ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್‌ಗೆ ಮತ್ತೆ ಅನುಮತಿ ಕೊಟ್ಟರು. 2008ರಲ್ಲಿ ಎಲ್ಲ ತಂಡಗಳಿಗೂ ಒಂದೇ ನಿಯಂತ್ರಣ ಘಟಕ ಕಡ್ಡಾಯವಾದಾಗ ಅದು ಹೋಯಿತು.

ಒಂದು ವಾದವನ್ನು ಮಾತ್ರ ನಾನು ಗೌರವಿಸುತ್ತೇನೆ. ರಸ್ತೆಯ ಕಾರುಗಳಲ್ಲಿ ಜೀವ ಉಳಿಸುವ ನೆರವನ್ನು ಅಪಾಯವೇ ತುಂಬಿರುವ ರೇಸಿನಲ್ಲಿ ಏಕೆ ತಡೆಯಬೇಕು? ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಚಾಲಕನ ಜೀವ ಕಾಯಲು ಅವನ ಕೆಲಸವನ್ನೇ ಕಿತ್ತುಕೊಳ್ಳಬೇಕಿಲ್ಲ. 2018ರಿಂದ ತಲೆಯ ಸುತ್ತ ಇರುವ ಹೇಲೊ ಎಂಬ ಕಟ್ಟು ಯಾರ ಕೌಶಲಕ್ಕೂ ಕೈಹಾಕಲಿಲ್ಲ. 2020ರ ಬಹ್ರೇನ್ ರೇಸಿನ ಅಪಘಾತದ ಬೆಂಕಿಯಿಂದ ಚಾಲಕ ರೊಮೇನ್ ಗ್ರೋಜಾನ್ ಬದುಕಿ ಬರಲು ಅದು ನೆರವಾಯಿತು.

ಇನ್ನು ತಂಡದೊಳಗಿನ ಜಗಳ. ಅದನ್ನು ಹಲವರು ಸಣ್ಣತನವೆಂದು ತಳ್ಳಿಹಾಕುತ್ತಾರೆ. ನನಗೆ ಅದು ಸ್ಪರ್ಧೆಯ ಹೃದಯ. ಬೇರೆ ತಂಡದವನ ಮುಂದೆ ಸೋತರೆ ಕಾರನ್ನು ದೂರಬಹುದು. ಜೊತೆಗಾರನ ಮುಂದೆ ಸೋತರೆ ದೂರಲು ಏನೂ ಉಳಿಯುವುದಿಲ್ಲ. 2016ರ ಮರ್ಸಿಡೀಸ್ ತಂಡವನ್ನು ನೋಡಿ. ಬಾರ್ಸಿಲೋನಾದ ಮೊದಲ ಸುತ್ತಿನಲ್ಲೇ ಲೂಯಿಸ್ ಹ್ಯಾಮಿಲ್ಟನ್ ಮತ್ತು ನಿಕೊ ರಾಸ್‌ಬರ್ಗ್ ಡಿಕ್ಕಿ ಹೊಡೆದುಕೊಂಡು ಇಬ್ಬರೂ ಹೊರಬಿದ್ದರು. ರಾಸ್‌ಬರ್ಗ್ ಕಾರಿನ ಎಂಜಿನ್ ಮೋಡ್ ತಪ್ಪಾಗಿತ್ತು; ವೇಗ ಕುಗ್ಗಿದ ಆ ಕ್ಷಣದಲ್ಲಿ ಹ್ಯಾಮಿಲ್ಟನ್ ನುಗ್ಗಿದರು. ಎಲ್ಲವನ್ನೂ ಕಾರೇ ಮಾಡುತ್ತದೆ ಎನ್ನುವವರು ಈ ಸುತ್ತನ್ನೊಮ್ಮೆ ನೋಡಬೇಕು. ಮುಂದೆ ಮಲೇಷ್ಯಾದಲ್ಲಿ ಮುನ್ನಡೆಯಲ್ಲಿದ್ದ ಹ್ಯಾಮಿಲ್ಟನ್‌ಗೆ ಎಂಜಿನ್ ಕೈಕೊಟ್ಟಿತು. ಕೊನೆಗೆ ಹತ್ತು ರೇಸು ಗೆದ್ದ ಹ್ಯಾಮಿಲ್ಟನ್‌ಗೆ 380 ಅಂಕ, ಒಂಬತ್ತು ಗೆದ್ದ ರಾಸ್‌ಬರ್ಗ್‌ಗೆ 385. ಇದು ಅನ್ಯಾಯವೇ? ಗಟ್ಟಿ ಎಂಜಿನ್ ಕಟ್ಟುವುದು ತಂಡದ ಹೊಣೆ. ಅದು ಇಬ್ಬರಲ್ಲಿ ಯಾರಿಗೆ ಕೈಕೊಡುತ್ತದೆ ಎಂಬುದು ಅದೃಷ್ಟ. ಆದರೆ ಆ ಅದೃಷ್ಟ ಕೆಲಸಕ್ಕೆ ಬರುವಷ್ಟು ಹತ್ತಿರದಲ್ಲಿ ವರ್ಷವಿಡೀ ನಿಂತಿದ್ದು ರಾಸ್‌ಬರ್ಗ್ ಸಾಧನೆ. ಚಾಂಪಿಯನ್ ಪಟ್ಟ ಗೆದ್ದ ಐದೇ ದಿನಕ್ಕೆ ಅವರು ನಿವೃತ್ತಿ ಘೋಷಿಸಿದರು. ಆ ಹೋರಾಟ ಎಷ್ಟು ಹಿಂಡಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೂರಾರು ಜನರ ದುಡಿಮೆಯನ್ನು ಇಬ್ಬರ ಹಠಕ್ಕೆ ಬಲಿಕೊಡಬಾರದು ಎಂಬ ತಂಡದ ಕಳಕಳಿ ನನಗೆ ಅರ್ಥವಾಗುತ್ತದೆ. ಡಿಕ್ಕಿಯನ್ನು ತಡೆಯಲಿ, ಫಲಿತಾಂಶವನ್ನು ಮಾರ್ಪಡಿಸದಿರಲಿ. 2002ರಲ್ಲಿ ಆಸ್ಟ್ರಿಯಾದಲ್ಲಿ ಫೆರಾರಿ ತಂಡದ ಆಜ್ಞೆಗೆ ಮಣಿದು ರೂಬೆನ್ಸ್ ಬ್ಯಾರಿಕೆಲ್ಲೊ ಗುರಿಯ ಹೊಸ್ತಿಲಲ್ಲಿ ಮೈಕಲ್ ಷೂಮಾಕರ್‌ಗೆ ಗೆಲುವು ಬಿಟ್ಟುಕೊಟ್ಟಾಗ ನೆರೆದ ಜನ ಕೂಗಿ ಛೀಮಾರಿ ಹಾಕಿದರು. ಅವರು ಹಾಕಿದ್ದು ಸರಿಯೇ.

ಮುಂದಿನ ರೇಸಿನಲ್ಲಿ ಮೊದಲು ಬಂದವನನ್ನಷ್ಟೇ ನೋಡಬೇಡಿ. ಅದೇ ಬಣ್ಣದ ಇನ್ನೊಂದು ಕಾರು ಎಲ್ಲಿದೆ ಎಂದು ಹುಡುಕಿ. ಚಾಲಕನ ನಿಜವಾದ ಅಳತೆ ಅಲ್ಲಿದೆ.